ನಿಮ್ಮ ಸಂಸದರು ಈ ಅಧಿವೇಶನದಲ್ಲಿ ಯಾವ ಮಸೂದೆ ಬೆಂಬಲಿಸಿದರು? ದಾಖಲೆ ನೋಡಿ ಲೆಕ್ಕ ತೆಗೆಯುವ ಸಮಗ್ರ ಮಾರ್ಗದರ್ಶಿ

ಸಂಸತ್ ಅಧಿವೇಶನ ಮುಗಿದ ವಾರ ಈ ಪ್ರಶ್ನೆ ತಪ್ಪದೆ ಬರುತ್ತದೆ: "ನಮ್ಮ ಎಂಪಿ ಯಾವ್ಯಾವ ಮಸೂದೆಗೆ ಬೆಂಬಲ ಕೊಟ್ಟರು ಅಂತ ಎಲ್ಲಿ ನೋಡೋದು? ಅವರ ಪುಟ ಪೂರ್ತಿ ಜಾಲಾಡಿದೆ, ಸಿಗಲಿಲ್ಲ." ಅಲ್ಲಿ ಸಿಗುವುದೂ ಇಲ್ಲ. ಲೋಕಸಭೆಯ ಜಾಲತಾಣದಲ್ಲಿ ಪ್ರತಿ ಸದಸ್ಯರ ಪುಟದಲ್ಲಿ ಕೇಳಿದ ಪ್ರಶ್ನೆಗಳು, ಮಾತಾಡಿದ ಚರ್ಚೆಗಳು, ಮಂಡಿಸಿದ ಖಾಸಗಿ ಮಸೂದೆಗಳು (ಸಚಿವರಲ್ಲದ ಸದಸ್ಯರು ತರುವವು), ಹಾಜರಾತಿ ಇರುತ್ತವೆ. ಸರ್ಕಾರದ ಮಸೂದೆಗಳಿಗೆ ಅವರು ಹಾಕಿದ ಮತಕ್ಕೆ ಅಲ್ಲಿ ಕಾಲಂ ಇಲ್ಲ.

ಹಾಗಾಗಿ ಸಂಸದರ ಹೆಸರಿನಿಂದ ಶುರು ಮಾಡಿದವರು ಸೋಲುತ್ತಾರೆ. ಮೊದಲು ಮಸೂದೆ, ಆಮೇಲೆ ಆ ಮಸೂದೆಗೆ ಮತ ತೆಗೆದುಕೊಂಡ ಬಗೆ, ಕಟ್ಟಕಡೆಗೆ ಸಂಸದರ ಹೆಸರು. ಈ ಕ್ರಮ ತಪ್ಪಿದರೆ ಕೆಳಗಿನ ಯಾವ ಹಂತವೂ ಕೆಲಸಕ್ಕೆ ಬರುವುದಿಲ್ಲ.

## ಕೆಲಸ ಶುರು ಮಾಡುವ ಮುನ್ನ ಬೇಕಾದದ್ದು

ಸಂಸದ್ ಡಾಟ್ ಇನ್ ಎಂಬ ಒಂದೇ ಜಾಲತಾಣದಲ್ಲಿ ಲೋಕಸಭೆ, ರಾಜ್ಯಸಭೆ ಎರಡರ ಕಡತಗಳೂ ಇವೆ. ನಮಗೆ ಬೇಕಾದವು ನಾಲ್ಕು: ಮಸೂದೆಗಳ ಪಟ್ಟಿ, ದಿನದ ಕಲಾಪ ಪಟ್ಟಿ, ಬುಲೆಟಿನ್ ಭಾಗ 1, ಮತ್ತು ಚರ್ಚೆಯ ಪೂರ್ಣ ಪಠ್ಯ. ಕಲಾಪ ಪಟ್ಟಿ ಎಂದರೆ ಆ ದಿನ ನಡೆಯಬೇಕಿದ್ದ ಕೆಲಸ. ಬುಲೆಟಿನ್ ಭಾಗ 1 ಎಂದರೆ ನಿಜಕ್ಕೂ ನಡೆದ ಕೆಲಸ. ಇವೆರಡನ್ನು ಕಲಸಿಕೊಳ್ಳಬೇಡಿ.

ಮಸೂದೆಯ ಸಾರಾಂಶ ಓದಲು ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್‌ನ ಜಾಲತಾಣ ಅನುಕೂಲ. ಅಲ್ಲಿ ಸಂಸದರ ಹಾಜರಾತಿ, ಪ್ರಶ್ನೆ, ಚರ್ಚೆಗಳ ಎಣಿಕೆಯೂ ಸಿಗುತ್ತದೆ. ಆ ಎಣಿಕೆ ಮತದ ಎಣಿಕೆಯಲ್ಲ. ಇದರ ಜೊತೆಗೆ ಒಂದು ಎಕ್ಸೆಲ್ ಹಾಳೆ ಅಥವಾ ಗೀಟು ಹಾಕಿದ ನೋಟ್‌ಬುಕ್ ಸಾಕು. ಕಾಲಂಗಳು ಹೀಗಿರಲಿ: ಮಸೂದೆಯ ಹೆಸರು, ಸದನ, ಬೈಠಕ್ಕಿನ ದಿನಾಂಕ, ಯಾವ ಹಂತ, ಮತ ತೆಗೆದುಕೊಂಡ ಬಗೆ, ಸಂಸದರ ನಡೆ, ಪುರಾವೆಯ ಪುಟ. ಕೊನೆಯ ಕಾಲಂ ಖಾಲಿ ಬಿಟ್ಟ ಸಾಲನ್ನು ಯಾರಿಗೂ ತೋರಿಸಬೇಡಿ.

## ಹಂತ 1: ಯಾರ ಲೆಕ್ಕ, ಯಾವ ಸದನ ಎಂದು ಖಚಿತ ಮಾಡಿಕೊಳ್ಳಿ

ಕರ್ನಾಟಕಕ್ಕೆ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸ್ಥಾನಗಳು. ಇದು ಎಲ್ಲರಿಗೂ ಗೊತ್ತು. ಆದರೂ ಹುಡುಕಾಟ ಇಲ್ಲೇ ಎಡವುತ್ತದೆ. ಸುಧಾ ಮೂರ್ತಿ, ವೀರೇಂದ್ರ ಹೆಗ್ಗಡೆ ಅವರನ್ನು ಕರ್ನಾಟಕದ 12 ಮಂದಿಯಲ್ಲಿ ಹುಡುಕಿ, ಸಿಗದೆ, ಜಾಲತಾಣವೇ ಸರಿಯಿಲ್ಲ ಎಂದವರಿದ್ದಾರೆ. ಇಬ್ಬರೂ ರಾಷ್ಟ್ರಪತಿಗಳಿಂದ ನಾಮಕರಣಗೊಂಡವರು. ಅವರ ಹೆಸರು 'ನಾಮಕರಣ' ವಿಭಾಗದಲ್ಲಿರುತ್ತದೆ, ರಾಜ್ಯದ ಪಟ್ಟಿಯಲ್ಲಲ್ಲ.

ಕ್ಷೇತ್ರದ ಹೆಸರೂ ಕೈಕೊಡುತ್ತದೆ. 2014ರಲ್ಲಿ ಊರುಗಳ ಹೆಸರು ಬದಲಾದರೂ ಲೋಕಸಭಾ ಕ್ಷೇತ್ರಗಳ ಅಧಿಕೃತ ಹೆಸರು ಹಳೆಯದೇ ಉಳಿದಿದೆ. ಕಲಬುರಗಿ ಎಂದು ಹುಡುಕಿದರೆ ಸಿಗದು, ಗುಲ್ಬರ್ಗಾ ಎನ್ನಬೇಕು. ವಿಜಯಪುರಕ್ಕೆ ಬಿಜಾಪುರ, ಬೆಳಗಾವಿಗೆ ಬೆಲ್ಗಾಂ, ಶಿವಮೊಗ್ಗಕ್ಕೆ ಶಿಮೊಗಾ, ತುಮಕೂರಿಗೆ ತುಮ್ಕೂರ್. ಇಂಗ್ಲಿಷ್ ಅಕ್ಷರಗಳಲ್ಲಿ ಈ ಹಳೆಯ ರೂಪವನ್ನೇ ಟೈಪ್ ಮಾಡಿ.

ಸಂಸದರು ಕೇಂದ್ರ ಸಚಿವರಾಗಿದ್ದರೆ ಹಾಳೆಯ ಮೇಲ್ಗಡೆಯೇ ಅದನ್ನು ಬರೆದಿಡಿ. ಸಚಿವರು ಹಾಜರಿ ಹಾಕಬೇಕಿಲ್ಲ, ಪ್ರಶ್ನೆ ಕೇಳುವುದಿಲ್ಲ, ಖಾಸಗಿ ಮಸೂದೆ ತರುವುದಿಲ್ಲ. ಅವರ ಪುಟದಲ್ಲಿ ಸೊನ್ನೆ ಕಂಡರೆ ಸೋಮಾರಿತನ ಎಂದು ಓದಬಾರದು. ಧಾರವಾಡದ ಪ್ರಲ್ಹಾದ ಜೋಶಿ, ಮಂಡ್ಯದ ಎಚ್.ಡಿ. ಕುಮಾರಸ್ವಾಮಿ ಅವರಂಥ ಸಚಿವರನ್ನು ಪಕ್ಕದ ಕ್ಷೇತ್ರದ ಸಾಮಾನ್ಯ ಸದಸ್ಯರ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವ ಪೋಸ್ಟರುಗಳು ಪ್ರತಿ ಅಧಿವೇಶನಕ್ಕೂ ಓಡಾಡುತ್ತವೆ.

## ಹಂತ 2: ಅಧಿವೇಶನವನ್ನು ದಿನಾಂಕದಿಂದ ಗುರುತಿಸಿ

ವರ್ಷಕ್ಕೆ ಸಾಮಾನ್ಯವಾಗಿ ಮೂರು ಅಧಿವೇಶನ: ಬಜೆಟ್, ಮುಂಗಾರು, ಚಳಿಗಾಲ. ತಿಂಗಳು ನೋಡಿ ಹೆಸರು ಊಹಿಸಿದರೆ ಮೋಸ ಹೋಗುತ್ತೀರಿ. 2024ರ ಜುಲೈ 22ರಿಂದ ಆಗಸ್ಟ್ 9ರವರೆಗೆ ನಡೆದದ್ದು ಮಳೆಗಾಲದಲ್ಲಾದರೂ ಬಜೆಟ್ ಅಧಿವೇಶನ. ಆ ವರ್ಷ ಚುನಾವಣೆ ಇದ್ದುದರಿಂದ ಪೂರ್ಣ ಬಜೆಟ್ ಜುಲೈಗೆ ಹೋಗಿತ್ತು. ಆಗಸ್ಟ್ 8ರಂದು ಮಂಡನೆಯಾದ ವಕ್ಫ್ ತಿದ್ದುಪಡಿ ಮಸೂದೆಯನ್ನು 'ಮುಂಗಾರು ಅಧಿವೇಶನ' ಎಂದು ಹುಡುಕಿದವರಿಗೆ ಸಿಗಲಿಲ್ಲ.

ಎರಡೂ ಸದನಗಳ ಕ್ರಮಸಂಖ್ಯೆ ಬೇರೆಬೇರೆ. ಲೋಕಸಭೆ ಪ್ರತಿ ಚುನಾವಣೆಯ ನಂತರ ಒಂದರಿಂದ ಎಣಿಸುತ್ತದೆ; ರಾಜ್ಯಸಭೆ ವಿಸರ್ಜನೆಯಾಗುವುದಿಲ್ಲ, ಹಾಗಾಗಿ ಅದರ ಎಣಿಕೆ ಮುಂದುವರಿಯುತ್ತಲೇ ಇರುತ್ತದೆ. 2025ರ ಮುಂಗಾರು ಅಧಿವೇಶನ ಲೋಕಸಭೆಗೆ ಐದನೆಯದು, ರಾಜ್ಯಸಭೆಗೆ 268ನೆಯದು.

ಇನ್ನೊಂದು ಎಚ್ಚರ: ಪತ್ರಿಕೆಯ ದಿನಾಂಕವನ್ನು ನಂಬಿ ಕಡತ ತೆರೆಯಬೇಡಿ. ವಕ್ಫ್ ಮಸೂದೆ ಲೋಕಸಭೆಯಲ್ಲಿ ಅಂಗೀಕಾರವಾದದ್ದು 2025ರ ಏಪ್ರಿಲ್ 3ರ ನಸುಕಿನಲ್ಲಿ. ಆದರೆ ಬೈಠಕ್ ಶುರುವಾದದ್ದು ಏಪ್ರಿಲ್ 2ರಂದು. ಕಡತವೂ ಆ ದಿನದ ಹೆಸರಿನಲ್ಲೇ ಇರುತ್ತದೆ. ನಡುರಾತ್ರಿ ದಾಟಿದ ಮತದಾನವಿದ್ದರೆ ಹಿಂದಿನ ದಿನದ ಪಠ್ಯ ತೆರೆಯಿರಿ.

## ಹಂತ 3: ಮಸೂದೆಗಳ ಪಟ್ಟಿ ಮಾಡಿ, ಜರಡಿ ಹಿಡಿಯಿರಿ

ಆ ಅಧಿವೇಶನದಲ್ಲಿ ಮಂಡನೆಯಾದವು, ಅಂಗೀಕಾರವಾದವು, ಸಮಿತಿಗೆ ಹೋದವು, ಹಿಂಪಡೆದವು ಎಂದು ಬೇರೆಬೇರೆ ಬರೆದುಕೊಳ್ಳಿ. ಒಂದೇ ಮಸೂದೆ ಒಂದು ಅಧಿವೇಶನದಲ್ಲಿ ಮಂಡನೆಯಾಗಿ ಇನ್ನೊಂದರಲ್ಲಿ ಅಂಗೀಕಾರವಾಗಬಹುದು. ನಿಮ್ಮ ಪ್ರಶ್ನೆ ಒಂದು ಅಧಿವೇಶನದ್ದಾದರೆ, ಆ ಅವಧಿಯಲ್ಲಿ ನಡೆದ ಹಂತವನ್ನಷ್ಟೇ ದಾಖಲಿಸಿ.

ಧನವಿನಿಯೋಗ ಮಸೂದೆಗಳನ್ನು (ಖಜಾನೆಯಿಂದ ಹಣ ತೆಗೆಯಲು ಸರ್ಕಾರಕ್ಕೆ ಅನುಮತಿ ಕೊಡುವವು) ಪ್ರತ್ಯೇಕ ಇಡುವುದು ಒಳ್ಳೆಯದು. ಬಜೆಟ್ ಅಧಿವೇಶನದಲ್ಲಿ ಇವು ಹಲವು ಬರುತ್ತವೆ. ಸಮಯ ಮುಗಿದಾಗ ಚರ್ಚೆಯಾಗದ ಇಲಾಖಾವಾರು ಅನುದಾನದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವ 'ಗಿಲೊಟಿನ್' ಪದ್ಧತಿಯೂ ಇದೆ. ಇವನ್ನೂ ಸೇರಿಸಿ "ನಮ್ಮ ಸಂಸದರು ಇಷ್ಟು ಮಸೂದೆ ಬೆಂಬಲಿಸಿದರು" ಎಂದರೆ ಸಂಖ್ಯೆ ಉಬ್ಬುತ್ತದೆಯೇ ಹೊರತು ಮಾಹಿತಿ ಹೆಚ್ಚುವುದಿಲ್ಲ.

## ಹಂತ 4: ಮತ ತೆಗೆದುಕೊಂಡ ಬಗೆ ಯಾವುದು?

ಇಡೀ ಕೆಲಸದ ಕೀಲಿ ಇಲ್ಲಿದೆ. ಓದುಗರು ಕಳಿಸುವ ಹಾಳೆಗಳಲ್ಲಿ ಹೆಚ್ಚಿನವು ಕೆಡುವುದೂ ಇಲ್ಲೇ.

ಸಭಾಧ್ಯಕ್ಷರು ಮಸೂದೆಯನ್ನು ಮತಕ್ಕೆ ಹಾಕಿದಾಗ ಮೊದಲು ನಡೆಯುವುದು ಧ್ವನಿಮತ. ಪರ ಇರುವವರು 'ಹೌದು' ಎನ್ನುತ್ತಾರೆ, ವಿರುದ್ಧ ಇರುವವರು 'ಇಲ್ಲ' ಎನ್ನುತ್ತಾರೆ, ಯಾವ ಕಡೆ ಬಹುಮತವಿದೆ ಎಂದು ಪೀಠ ಹೇಳುತ್ತದೆ. ಯಾರೂ ತಕರಾರು ತೆಗೆಯದಿದ್ದರೆ ಅಲ್ಲಿಗೆ ಮುಗಿಯಿತು. ಕಡತದಲ್ಲಿ ಉಳಿಯುವುದು 'ಪ್ರಸ್ತಾವ ಅಂಗೀಕೃತವಾಯಿತು' ಎಂಬ ಒಂದೇ ಸಾಲು. ಅಲ್ಲಿ ಯಾರ ಹೆಸರೂ ಇರುವುದಿಲ್ಲ.

ಯಾರಾದರೂ ತಕರಾರು ತೆಗೆದು ಮತ ವಿಭಜನೆ ಕೇಳಿದರೆ ಚಿತ್ರ ಬದಲಾಗುತ್ತದೆ. ಲೋಕಸಭೆಯ ನಿಯಮ 367ರಂತೆ ಲಾಬಿ (ಸದನದ ಸುತ್ತಲಿನ ಪಡಸಾಲೆ) ತೆರವುಗೊಳಿಸಲು ಆದೇಶವಾಗುತ್ತದೆ. ಗಂಟೆ ಬಾರಿಸುತ್ತದೆ, ಕ್ಯಾಂಟೀನು, ಗ್ರಂಥಾಲಯ ಎಲ್ಲೇ ಇದ್ದರೂ ಸದಸ್ಯರು ಓಡೋಡಿ ಬರಬೇಕು. ಮೂರೂವರೆ ನಿಮಿಷ ಕಳೆದ ಮೇಲೆ ಪ್ರಶ್ನೆಯನ್ನು ಎರಡನೇ ಸಲ ಮತಕ್ಕೆ ಹಾಕುತ್ತಾರೆ. ಆಗಲೂ ತಕರಾರಿದ್ದರೆ ಆಸನದ ಮುಂದಿನ ಯಂತ್ರದಲ್ಲಿ ಗುಂಡಿ ಒತ್ತಿ ಅಥವಾ ಚೀಟಿ ಕೊಟ್ಟು ಮತ ಹಾಕುತ್ತಾರೆ. ಪರ ಹಸಿರು, ವಿರೋಧ ಕೆಂಪು, ತಟಸ್ಥ ಹಳದಿ. ಹೆಸರು ದಾಖಲಾಗುವುದು ಆಗ ಮಾತ್ರ.

ಇದರಲ್ಲೂ ಒಂದು ಒಳದಾರಿ ಇದೆ. ವಿಭಜನೆಯ ಬೇಡಿಕೆ ಅನಗತ್ಯ ಎಂದು ಸಭಾಧ್ಯಕ್ಷರಿಗೆ ಅನ್ನಿಸಿದರೆ, ಪರ ಮತ್ತು ವಿರೋಧ ಇರುವವರನ್ನು ಎದ್ದು ನಿಲ್ಲಿಸಿ ತಲೆ ಎಣಿಸಿ ನಿರ್ಧಾರ ಪ್ರಕಟಿಸಬಹುದು. ಆಗ ಹೆಸರುಗಳನ್ನು ದಾಖಲಿಸುವುದಿಲ್ಲ ಎಂದು ಅದೇ ನಿಯಮ ಹೇಳುತ್ತದೆ. ಟೀವಿಯಲ್ಲಿ ನಿಮ್ಮ ಸಂಸದರು ಎದ್ದು ನಿಂತದ್ದನ್ನು ಕಣ್ಣಾರೆ ಕಂಡಿರಬಹುದು. ಕಡತದಲ್ಲಿ ಅವರ ಹೆಸರು ಇರುವುದಿಲ್ಲ.

ಸಂವಿಧಾನ ತಿದ್ದುಪಡಿಯ ಅಂಗೀಕಾರಕ್ಕೆ ವಿನಾಯಿತಿಯಿಲ್ಲ. ಸದನದ ಒಟ್ಟು ಸದಸ್ಯಬಲದ ಬಹುಮತವೂ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲವೂ ಬೇಕಿರುವುದರಿಂದ ಎಣಿಸಲೇಬೇಕು. ಮಹಿಳಾ ಮೀಸಲಾತಿ ಮಸೂದೆಗೆ 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಪರ 454, ವಿರುದ್ಧ 2 ಮತ ಬಿದ್ದವು. ಹೆಸರು ಹುಡುಕುವುದನ್ನು ಕಲಿಯಲು ಇಂಥ ಮಸೂದೆಯಿಂದಲೇ ಶುರು ಮಾಡಿ, ಪಟ್ಟಿ ಇದ್ದೇ ಇರುತ್ತದೆ.

ಒಂದೇ ಮಸೂದೆಗೆ ಎರಡು ಸದನಗಳಲ್ಲಿ ಎರಡು ಬಗೆಯೂ ಆಗಬಹುದು. 2023ರ ದೆಹಲಿ ಸೇವೆಗಳ ಮಸೂದೆ ಲೋಕಸಭೆಯಲ್ಲಿ ಆಗಸ್ಟ್ 3ರಂದು ಧ್ವನಿಮತದಿಂದ ಹೋಯಿತು. ರಾಜ್ಯಸಭೆಯಲ್ಲಿ ಆಗಸ್ಟ್ 7ರಂದು ವಿಭಜನೆಯಾಗಿ 131–102ರಲ್ಲಿ ಗೆದ್ದಿತು. ಕರ್ನಾಟಕದ ರಾಜ್ಯಸಭಾ ಸದಸ್ಯರ ಮತವನ್ನು ನೀವು ಹೆಸರು ಹಿಡಿದು ತೋರಿಸಬಹುದು, ಲೋಕಸಭಾ ಸದಸ್ಯರದ್ದನ್ನು ತೋರಿಸಲಾಗದು.

ಎಚ್ಚರಿಕೆಯ ಗುರುತು: ಸುದ್ದಿಯಲ್ಲಿ 'ಗದ್ದಲದ ನಡುವೆ ಅಂಗೀಕಾರ' ಎಂದಿದ್ದರೆ ಬಹುತೇಕ ಧ್ವನಿಮತವೇ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಮಸೂದೆ ಎರಡೂ ಸದನಗಳನ್ನು ಎರಡೇ ದಿನಗಳಲ್ಲಿ ಹೀಗೆ ದಾಟಿತು. ಬೆಂಗಳೂರಿನ ಗೇಮಿಂಗ್ ಕಂಪನಿಗಳಲ್ಲಿದ್ದವರಿಗೆ ತಮ್ಮ ಸಂಸದರ ನಿಲುವು ತಿಳಿಯಬೇಕೆನ್ನಿಸುವುದು ಸಹಜ. ಆ ಮಸೂದೆಗೆ ಹೆಸರು ಸಮೇತ ಮತಪಟ್ಟಿಯೇ ಇಲ್ಲ. 'ಯಾರು ಹೇಗೆ ಮತ ಹಾಕಿದರು' ಎಂಬ ಪಟ್ಟಿ ಯಾರಾದರೂ ಕಳಿಸಿದರೆ ಅದು ಕಟ್ಟುಕತೆ.

## ಹಂತ 5: ವಿಭಜನೆಯ ಪಟ್ಟಿಯಲ್ಲಿ ಹೆಸರು ಹುಡುಕಿ

ಪರ ಎಷ್ಟು, ವಿರುದ್ಧ ಎಷ್ಟು ಎಂಬ ಸಂಖ್ಯೆ ಬುಲೆಟಿನ್‌ನಲ್ಲಿ ಸಿಗುತ್ತದೆ. ಹೆಸರಿಗೆ ಚರ್ಚೆಯ ಪೂರ್ಣ ಪಠ್ಯದ ಪಿಡಿಎಫ್ ತೆರೆಯಬೇಕು. ನೂರಾರು ಪುಟಗಳಿರುತ್ತವೆ, ಮೇಲಿಂದ ಕೆಳಕ್ಕೆ ಓದಬೇಡಿ. ಇಂಗ್ಲಿಷ್ ಅಕ್ಷರದಲ್ಲಿ 'ಡಿವಿಷನ್' ಎಂದು ಹುಡುಕಿದರೆ ಪಟ್ಟಿಯ ಜಾಗಕ್ಕೆ ಬರುತ್ತೀರಿ. ಅಲ್ಲಿ 'ಏಯ್ಸ್' ತಲೆಬರಹದಡಿ ಪರ, 'ನೋಸ್' ಅಡಿ ವಿರುದ್ಧ, 'ಅಬ್‌ಸ್ಟೇನ್' ಅಡಿ ತಟಸ್ಥರ ಹೆಸರುಗಳಿರುತ್ತವೆ.

ಹೆಸರುಗಳು ಸಾಮಾನ್ಯವಾಗಿ ಕೊನೆಯ ಹೆಸರಿನಿಂದ ಅಕಾರಾದಿಯಾಗಿರುತ್ತವೆ: 'ಜೋಶಿ, ಶ್ರೀ ಪ್ರಲ್ಹಾದ' ಎಂಬಂತೆ. ನಮ್ಮಲ್ಲಿ ಇನಿಷಿಯಲ್ ಮುಂದಿಟ್ಟು ಬರೆಯುವವರೇ ಹೆಚ್ಚಲ್ಲವೇ? 'ಬಿ.ವೈ. ರಾಘವೇಂದ್ರ' ಎಂದು ಪೂರ್ತಿ ಟೈಪ್ ಮಾಡಿದರೆ ಸಿಗದೆ ಹೋಗಬಹುದು, 'ರಾಘವೇಂದ್ರ' ಮಾತ್ರ ಹಾಕಿ. ಕಾಗುಣಿತಕ್ಕೂ ಎರಡು ಮೂರು ಬಗೆ ಪ್ರಯತ್ನಿಸಿ.

ಪಟ್ಟಿಯ ಕೊನೆಯ ಅಡಿಟಿಪ್ಪಣಿ ಓದದೆ ಪುಟ ಮುಚ್ಚಬೇಡಿ. ಯಂತ್ರ ಕೈಕೊಟ್ಟವರು, ತಪ್ಪು ಗುಂಡಿ ಒತ್ತಿದವರು, ಆಸನ ಸಂಖ್ಯೆ ಇನ್ನೂ ಸಿಗದವರು ಚೀಟಿ ಮೂಲಕ ಮತ ಹಾಕುತ್ತಾರೆ ಅಥವಾ ತಿದ್ದಿಸುತ್ತಾರೆ. ಅದಕ್ಕೇ ಪೀಠ ಫಲಿತಾಂಶ ಪ್ರಕಟಿಸುವಾಗ 'ತಿದ್ದುಪಡಿಗೆ ಒಳಪಟ್ಟು' ಎನ್ನುವುದು. 2024ರ ಡಿಸೆಂಬರ್ 17ರಂದು 'ಒಂದು ರಾಷ್ಟ್ರ, ಒಂದು ಚುನಾವಣೆ' ಮಸೂದೆಗೆ ಬೋರ್ಡಿನಲ್ಲಿ ಮೊದಲು ಕಂಡದ್ದು 220–149. ಚೀಟಿಗಳನ್ನು ಸೇರಿಸಿದ ಮೇಲೆ 269–198 ಆಯಿತು. ಬೋರ್ಡಿನ ಫೋಟೊ ಹಿಡಿದು ಲೆಕ್ಕ ಬರೆದವರು ಎಷ್ಟು ಹೆಸರು ಕಳೆದುಕೊಂಡರೋ ನೋಡಿ.

ಒಂದೇ ಮಸೂದೆಗೆ ಹಲವು ವಿಭಜನೆ ಇರಬಹುದು ಎಂಬುದನ್ನೂ ಮರೆಯಬೇಡಿ. ಪರಿಶೀಲನೆಗೆ ಎತ್ತಿಕೊಳ್ಳುವಾಗ ಒಂದು, ಖಂಡಗಳ (ಮಸೂದೆಯ ಒಂದೊಂದು ಕಲಮಿನ) ಮೇಲೆ ಕೆಲವು, ಅಂಗೀಕಾರಕ್ಕೆ ಕೊನೆಯದು. 'ಮಸೂದೆಯನ್ನು ಅಂಗೀಕರಿಸತಕ್ಕದ್ದು' ಎಂಬ ಪ್ರಸ್ತಾವದ ಕೆಳಗಿರುವುದೇ ಕೊನೆಯ ಪಟ್ಟಿ.

ತಲೆಕೆಳಗಾಗುವ ಜಾಗ: ವಿರೋಧ ಪಕ್ಷದವರು ತಂದ ತಿದ್ದುಪಡಿಗೆ 'ಹೌದು' ಎಂದವರು ಮಸೂದೆಯ ಪರ ಇದ್ದಾರೆಂದಲ್ಲ, ಸಾಮಾನ್ಯವಾಗಿ ಅದು ಉಲ್ಟಾ. ಸುಗ್ರೀವಾಜ್ಞೆಯನ್ನು ತಿರಸ್ಕರಿಸುವ ನಿರ್ಣಯವನ್ನು ಮಸೂದೆಯ ಜೊತೆಗೇ ಚರ್ಚೆಗೆ ತಂದಾಗಲೂ ಹೀಗೇ. ಪಟ್ಟಿಯ ಮೇಲೆ ಒಂದು ಪುಟ ಹಿಂದಕ್ಕೆ ಹೋಗಿ, ಮತಕ್ಕೆ ಹಾಕಿದ ವಾಕ್ಯ ಯಾವುದೆಂದು ಓದಿಯೇ ಹಾಳೆಗೆ ಬರೆಯಿರಿ.

## ಹಂತ 6: ಮಂಡನೆಗೆ ಬೆಂಬಲ ಬೇರೆ, ಮಸೂದೆಗೆ ಬೆಂಬಲ ಬೇರೆ

ಮಂಡನೆಯ ಹಂತದಲ್ಲೇ ವಿಭಜನೆ ನಡೆಯುವುದುಂಟು. ಮೇಲೆ ಹೇಳಿದ 269–198 ಅಂಥದ್ದೇ. ಅಂದು ಸದನ ಕೊಟ್ಟದ್ದು ಮಂಡಿಸಲು ಅನುಮತಿ ಮಾತ್ರ. ಅದಕ್ಕೆ ಸರಳ ಬಹುಮತ ಸಾಕು. ಒಟ್ಟು 467 ಮತಗಳಲ್ಲಿ ಮೂರನೇ ಎರಡರಷ್ಟು ಎಂದರೆ 312 ಬೇಕಿತ್ತು. ಅಂದೇ ಅಂಗೀಕಾರಕ್ಕೆ ಮತ ನಡೆದಿದ್ದರೆ ಮಸೂದೆ ಬೀಳುತ್ತಿತ್ತು. ಅದು ಅಂಗೀಕಾರವಾಗಲಿಲ್ಲ, ಜಂಟಿ ಸಂಸದೀಯ ಸಮಿತಿಗೆ ಹೋಯಿತು. ನಿಮ್ಮ ಸಂಸದರ ಹೆಸರು ಆ 269ರಲ್ಲಿದ್ದರೆ ಹಾಳೆಯಲ್ಲಿ 'ಮಂಡನೆಗೆ ಪರ' ಎಂದಷ್ಟೇ ಬರೆಯಿರಿ.

ಖಾಸಗಿ ಮಸೂದೆಗೂ ಮಂಡನೆಯಲ್ಲೇ ತಡೆ ಬೀಳಬಹುದು. ಸಲಿಂಗ ಸಂಬಂಧವನ್ನು ಅಪರಾಧವಲ್ಲವೆನ್ನಲು ಶಶಿ ತರೂರ್ ತಂದ ಮಸೂದೆಯನ್ನು 2015ರ ಡಿಸೆಂಬರ್‌ನಲ್ಲಿ ಲೋಕಸಭೆ 71–24ರಿಂದ ಮಂಡನೆಗೂ ಬಿಡಲಿಲ್ಲ.

## ಹಂತ 7: ಧ್ವನಿಮತವಾಗಿದ್ದರೆ ಬೇರೆ ಪುರಾವೆ ಕೂಡಿಸಿ

ಮತದ ಪಟ್ಟಿ ಇಲ್ಲದಿದ್ದರೆ ಕೈಚೆಲ್ಲಬೇಕಿಲ್ಲ. ಆದರೆ ಪುರಾವೆಯ ತೂಕಕ್ಕೆ ತಕ್ಕ ಮಾತನ್ನೇ ಬಳಸಬೇಕು.

ಮೊದಲನೆಯದು ಭಾಷಣ. ಆ ಮಸೂದೆಯ ಚರ್ಚೆಯಲ್ಲಿ ಅವರು ಮಾತಾಡಿದ್ದಾರೆಯೇ ನೋಡಿ. ಸದಸ್ಯರು ಭಾಷಣದ ಶುರುವಿನಲ್ಲೋ ಕೊನೆಯಲ್ಲೋ 'ಈ ಮಸೂದೆಯನ್ನು ಬೆಂಬಲಿಸುತ್ತೇನೆ' ಅಥವಾ 'ವಿರೋಧಿಸುತ್ತೇನೆ' ಎಂದು ಸ್ಪಷ್ಟವಾಗಿ ಹೇಳುವ ವಾಡಿಕೆಯಿದೆ. ಆ ಒಂದು ವಾಕ್ಯ ಸಿಕ್ಕರೆ ಬಂಗಾರ. ಸಂಸದರು ಕನ್ನಡದಲ್ಲಿ ಮಾತಾಡಿದ್ದರೆ ಪಠ್ಯದಲ್ಲಿ ಇಂಗ್ಲಿಷ್ ಅನುವಾದ ಅಚ್ಚಾಗಿರಬಹುದು. ಕನ್ನಡ ಪದ ಹಾಕಿ ಹುಡುಕಿ ಸಿಗಲಿಲ್ಲವೆಂದು ಬಿಡಬೇಡಿ. ಮೂಲ ಮಾತು ಬೇಕಿದ್ದರೆ ಸಂಸದ್ ಟಿವಿಯ ಯೂಟ್ಯೂಬ್ ವಿಡಿಯೊದಲ್ಲಿ ಆ ಹೊತ್ತಿಗೆ ಹೋಗಿ ಕೇಳಿ.

ಎರಡನೆಯದು ಸಮಿತಿ. ಮಸೂದೆ ಸಮಿತಿಗೆ ಹೋಗಿದ್ದರೆ ವರದಿಯ ಕೊನೆಯಲ್ಲಿ ಭಿನ್ನಮತದ ಟಿಪ್ಪಣಿಗಳಿರುತ್ತವೆ. ವಕ್ಫ್ ಮಸೂದೆಯ ಜಂಟಿ ಸಮಿತಿಯಲ್ಲಿ ಕರ್ನಾಟಕದ ಕಡೆಯಿಂದ ತೇಜಸ್ವಿ ಸೂರ್ಯ, ಸೈಯದ್ ನಸೀರ್ ಹುಸೇನ್ ಇದ್ದರು, ನಾಮಕರಣ ಸದಸ್ಯರಾಗಿ ವೀರೇಂದ್ರ ಹೆಗ್ಗಡೆಯವರೂ ಇದ್ದರು. ಸಮಿತಿ ವರದಿಯನ್ನು 15–11ರಿಂದ ಒಪ್ಪಿಕೊಂಡಿತು. ನಸೀರ್ ಹುಸೇನ್ ಭಿನ್ನಮತ ಬರೆದುಕೊಟ್ಟರು. ಸದನದಲ್ಲಿ ಎರಡು ನಿಮಿಷ ಕೂಗಿ ಹೇಳಿದ್ದಕ್ಕಿಂತ ಇಂಥ ಟಿಪ್ಪಣಿಯಲ್ಲಿ ನಿಲುವು ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಖಂಡವಾರು ಕಾರಣ ಕೊಟ್ಟಿರುತ್ತಾರೆ. ಓದುವವರು ಮಾತ್ರ ಕಡಿಮೆ.

ಮೂರನೆಯದು ತಿದ್ದುಪಡಿ ಸೂಚನೆಗಳು. ಸಂಸದರು ಯಾವ ಖಂಡಕ್ಕೆ ಏನು ತಿದ್ದುಪಡಿ ಕೊಟ್ಟರು, ಅದನ್ನು ಮಂಡಿಸಿದರೋ ಬಿಟ್ಟರೋ ಎಂಬುದು ಕಡತದಲ್ಲಿದೆ. ತಿದ್ದುಪಡಿ ಕೊಟ್ಟು, ಅದು ಬಿದ್ದ ಮೇಲೆ ಮಸೂದೆಗೆ ಬೆಂಬಲ ಕೊಡುವವರೂ ಇದ್ದಾರೆ. ಹಾಗಾಗಿ ಇದೊಂದನ್ನೇ ಹಿಡಿದು ವಿರೋಧ ಎಂದು ಬರೆಯಬೇಡಿ.

ಹಾಜರಾತಿ ತೀರಾ ದುರ್ಬಲ ಪುರಾವೆ. ಹಾಜರಿ ಬಿದ್ದಿದ್ದರೆ ಆ ದಿನ ಯಾವುದೋ ಹೊತ್ತಿನಲ್ಲಿ ಬಂದಿದ್ದರು ಎಂದಷ್ಟೇ ಅರ್ಥ. ಮತದ ಹೊತ್ತಿಗೆ ಇದ್ದರೋ, ಸಭಾತ್ಯಾಗ ಮಾಡಿದ್ದರೋ, ಘೋಷಣೆ ಕೂಗುತ್ತಾ ಪೀಠದ ಮುಂದಿನ ಅಂಗಳದಲ್ಲಿದ್ದರೋ ಅದು ಹೇಳುವುದಿಲ್ಲ. ಹಾಜರಿ ಇಲ್ಲ ಎಂಬುದು ಮಾತ್ರ ಸ್ವಲ್ಪ ಉಪಯೋಗಕ್ಕೆ ಬರುತ್ತದೆ. ಅಲ್ಲೂ ಅಮಾನತಿನ ದಿನಾಂಕ ನೋಡಿಯೇ ಮಾತಾಡಿ. 2023ರ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸದಸ್ಯರು ಅಮಾನತಾದರು. ಆಗಿನ ಬೆಂಗಳೂರು ಗ್ರಾಮಾಂತರ ಸಂಸದ ಡಿ.ಕೆ. ಸುರೇಶ್ ಅಮಾನತಾದದ್ದು ಡಿಸೆಂಬರ್ 21ರಂದು. ಮೂರು ಅಪರಾಧ ಸಂಹಿತೆ ಮಸೂದೆಗಳು ಲೋಕಸಭೆಯಲ್ಲಿ ಅಂಗೀಕಾರವಾದದ್ದು ಅದರ ಹಿಂದಿನ ದಿನ. 'ಅಮಾನತಾಗಿದ್ದರಿಂದ ಆ ಮಸೂದೆಗಳಿಗೆ ಮತ ಹಾಕಲಾಗಲಿಲ್ಲ' ಎಂದು ಇವರ ವಿಷಯದಲ್ಲಿ ಬರೆದರೆ ತಪ್ಪಾಗುತ್ತದೆ. ಒಂದೇ ದಿನದ ಅಂತರ ನೋಡಿ.

ಟ್ವೀಟು, ಫೇಸ್‌ಬುಕ್ ಪೋಸ್ಟು, ಕ್ಷೇತ್ರದ ಪತ್ರಿಕಾಗೋಷ್ಠಿ ಇವನ್ನೂ ತೆಗೆದುಕೊಳ್ಳಬಹುದು, ಆದರೆ 'ತಾವು ಬೆಂಬಲಿಸಿದ್ದಾಗಿ ಹೇಳಿಕೊಂಡಿದ್ದಾರೆ' ಎಂಬ ಮಾತಿನಲ್ಲಿ.

## ಹಂತ 8: ವಿಪ್ ಇತ್ತೇ ಎಂದು ಪಕ್ಕದಲ್ಲಿ ಬರೆದಿಡಿ

1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧದ) ಪ್ರಕಾರ ಪಕ್ಷದ ನಿರ್ದೇಶನದ ವಿರುದ್ಧ ಮತ ಹಾಕಿದರೆ, ಅಥವಾ ಮತ ಹಾಕದೆ ದೂರ ಉಳಿದರೂ, ಸದಸ್ಯತ್ವಕ್ಕೆ ಕುತ್ತು ಬರಬಹುದು. 15 ದಿನಗಳೊಳಗೆ ಪಕ್ಷ ಕ್ಷಮಿಸಿದರೆ ಮಾತ್ರ ಬಚಾವು. ಮೂರು ಗೆರೆಯ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಕಟ್ಟುನಿಟ್ಟಿನ ಆದೇಶ) ಬಂದ ದಿನ ಆಡಳಿತ ಪಕ್ಷದ ಸಂಸದರ 'ಹೌದು' ಅವರ ಸ್ವಂತ ನಿಲುವನ್ನು ಹೇಳುವುದಕ್ಕಿಂತ ಪಕ್ಷದ ನಿಲುವನ್ನು ಹೇಳುತ್ತದೆ. ವಿರೋಧ ಪಕ್ಷದವರ 'ಇಲ್ಲ' ಕೂಡ ಅಷ್ಟೇ.

2024ರ ಚುನಾವಣೆಯಲ್ಲಿ ಕರ್ನಾಟಕದಿಂದ ಬಿಜೆಪಿಯ 17, ಕಾಂಗ್ರೆಸ್‌ನ 9, ಜೆಡಿಎಸ್‌ನ ಇಬ್ಬರು ಗೆದ್ದರು. ಜೆಡಿಎಸ್ ಮೈತ್ರಿಯಲ್ಲಿದ್ದರೂ ಅದು ಬೇರೆ ಪಕ್ಷ. ಬಿಜೆಪಿಯ ವಿಪ್ ಅವರಿಗೆ ತಾಗುವುದಿಲ್ಲ. ಇನ್ನು ಪಕ್ಷೇತರರು: 2019ರಿಂದ 2024ರವರೆಗೆ ಮಂಡ್ಯವನ್ನು ಪ್ರತಿನಿಧಿಸಿದ್ದ ಸುಮಲತಾ ಅವರಿಗೆ ಯಾವ ವಿಪ್ಪೂ ಇರಲಿಲ್ಲ. ಸ್ವಂತ ನಿರ್ಧಾರ ಹುಡುಕುವವರು ಇಂಥವರ ಮತವನ್ನು ನೋಡಬೇಕು.

ವಿಪ್‌ನ ಪ್ರತಿ ಸಂಸತ್ತಿನ ಜಾಲತಾಣದಲ್ಲಿ ಇರುವುದಿಲ್ಲ. ಪಕ್ಷಗಳು ಮಾಧ್ಯಮಕ್ಕೆ ಬಿಟ್ಟ ಪತ್ರವೇ ಆಧಾರ. ಸಿಗದಿದ್ದರೆ ಕಾಲಂ ಖಾಲಿ ಇರಲಿ.

## ಹಂತ 9: ಖಾಸಗಿ ಸದಸ್ಯರ ಮಸೂದೆಗಳಿಗೆ ಬೇರೆ ಹಾಳೆ

ಸಚಿವರಲ್ಲದ ಪ್ರತಿಯೊಬ್ಬ ಸಂಸದರೂ, ಆಡಳಿತ ಪಕ್ಷದವರಾದರೂ, ಖಾಸಗಿ ಸದಸ್ಯರೇ. ಶುಕ್ರವಾರ ಬೈಠಕ್ಕಿನ ಕೊನೆಯ ಎರಡೂವರೆ ಗಂಟೆ ಇವರ ಕೆಲಸಕ್ಕೆ ಮೀಸಲು. ಸಂಸದರಿಗೆ ನಿಜಕ್ಕೂ ಯಾವ ವಿಷಯದಲ್ಲಿ ಆಸಕ್ತಿ ಇದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಕಿಟಕಿ ಇಲ್ಲ.

ಒಂದೇ ಶುಕ್ರವಾರ ಹತ್ತಾರು ಮಸೂದೆಗಳು ಸಾಲುಗಟ್ಟಿರುತ್ತವೆ. ಹೆಸರು ಕರೆದಾಗ ಸದಸ್ಯರು ಇಲ್ಲದಿದ್ದರೆ ಆ ಮಸೂದೆ ಮಂಡನೆಯಾಗುವುದಿಲ್ಲ. ಕಲಾಪ ಪಟ್ಟಿಯಲ್ಲಿ ಹೆಸರು ನೋಡಿ 'ಮಂಡಿಸಿದರು' ಎಂದು ಬರೆಯುವುದು ತೀರಾ ಸಾಮಾನ್ಯ ತಪ್ಪು. ಬುಲೆಟಿನ್ ಭಾಗ 1ರಲ್ಲಿ ಖಾತ್ರಿ ಮಾಡಿಕೊಳ್ಳಿ.

ಅಮೆರಿಕದಲ್ಲಿರುವ ಕನ್ನಡಿಗರು ಇಲ್ಲೊಂದು ಗೊಂದಲ ಮಾಡಿಕೊಳ್ಳುತ್ತಾರೆ. ಅಲ್ಲಿನ ಕಾಂಗ್ರೆಸ್ಸಿನಲ್ಲಿ ಒಬ್ಬರು ತಂದ ಮಸೂದೆಗೆ ಇತರ ಸದಸ್ಯರು ಸಹಪ್ರಾಯೋಜಕರಾಗಿ ಹೆಸರು ಸೇರಿಸುತ್ತಾರೆ. ಬೆಳಗಾವಿಯಲ್ಲಿ ಬೆಳೆದು ಮಿಷಿಗನ್‌ನಿಂದ ಆಯ್ಕೆಯಾದ ಶ್ರೀ ಠಾಣೇದಾರ್ ಅವರ ಪುಟ ತೆರೆದರೆ ಅವರು ತಂದ ಮಸೂದೆಗಳೂ ಜೊತೆಗೂಡಿದ ಮಸೂದೆಗಳೂ ಬೇರೆಬೇರೆ ಪಟ್ಟಿಯಾಗಿ ಸಿಗುತ್ತವೆ. ನಮ್ಮ ಸಂಸತ್ತಿನಲ್ಲಿ ಅಂಥ ಸಹಪ್ರಾಯೋಜಕರ ಪಟ್ಟಿ ಇಲ್ಲ. ಖಾಸಗಿ ಮಸೂದೆಗೆ ಇನ್ನೊಬ್ಬ ಸಂಸದರ ಬೆಂಬಲ ತಿಳಿಯಬೇಕಿದ್ದರೆ ಅದರ ಚರ್ಚೆಯಲ್ಲಿ ಮಾತಾಡಿದವರನ್ನು ನೋಡುವುದೊಂದೇ ದಾರಿ. ಬಹುತೇಕ ಮಸೂದೆಗಳು ಚರ್ಚೆಯ ಸರದಿಯನ್ನೇ ಕಾಣುವುದಿಲ್ಲ.

ಚರ್ಚೆಯಾದರೂ ಸಚಿವರ ಉತ್ತರದ ಬಳಿಕ ಮಂಡಿಸಿದವರೇ ಹಿಂಪಡೆಯುವುದು ರೂಢಿ. ಹಿಂಪಡೆದರು ಎಂದರೆ ಮನಸ್ಸು ಬದಲಾಯಿಸಿದರು ಎಂದಲ್ಲ. 1952ರಿಂದ ಈವರೆಗೆ ಕಾನೂನಾದ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಡಿಎಂಕೆ ಸಂಸದ ತಿರುಚಿ ಶಿವಾ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ 2015ರ ಏಪ್ರಿಲ್ 24ರಂದು ರಾಜ್ಯಸಭೆಯಲ್ಲಿ ಅಂಗೀಕಾರವಾದರೂ ಲೋಕಸಭೆಯನ್ನು ದಾಟಲಿಲ್ಲ. ಹಾಗಾಗಿ 'ಮಂಡಿಸಿದ ಯಾವ ಮಸೂದೆಯೂ ಪಾಸಾಗಿಲ್ಲ' ಎಂದು ಸಂಸದರನ್ನು ಹಂಗಿಸುವ ಸಾಲು ನಿಮ್ಮ ಬರಹದಲ್ಲಿ ಬೇಡ.

## ಹಂತ 10: ಬರೆಯುವಾಗ ಬಳಸಬೇಕಾದ ಮಾತುಗಳು

'ಸಂಸದರ ನಡೆ' ಕಾಲಂಗೆ ಇಷ್ಟೇ ಆಯ್ಕೆ ಇಟ್ಟುಕೊಳ್ಳಿ: ಪರ ಮತ ಹಾಕಿದರು, ವಿರುದ್ಧ ಮತ ಹಾಕಿದರು, ತಟಸ್ಥ, ವಿಭಜನೆಯ ಪಟ್ಟಿಯಲ್ಲಿ ಹೆಸರಿಲ್ಲ, ಭಾಷಣದಲ್ಲಿ ಬೆಂಬಲಿಸಿದರು ಅಥವಾ ವಿರೋಧಿಸಿದರು, ದಾಖಲೆಯಿಂದ ಹೇಳಲಾಗದು. ತಟಸ್ಥ ಎಂಬುದೂ ಹೆಸರಿಲ್ಲ ಎಂಬುದೂ ಒಂದೇ ಅಲ್ಲ: ಮೊದಲನೆಯವರು ಬಂದು ಹಳದಿ ಗುಂಡಿ ಒತ್ತಿದವರು, ಎರಡನೆಯವರು ಬಾಗಿಲು ಮುಚ್ಚುವ ಹೊತ್ತಿಗೆ ಒಳಗೆ ಇರಲಿಲ್ಲ ಅಥವಾ ಇದ್ದೂ ಮತ ಹಾಕಲಿಲ್ಲ.

ಶೇಕಡಾವಾರು ಲೆಕ್ಕ ಬೇಡ. ಒಂದು ಅಧಿವೇಶನದಲ್ಲಿ ಹೆಸರು ಸಮೇತ ದಾಖಲಾಗುವ ಅಂಗೀಕಾರಗಳು ಬೆರಳೆಣಿಕೆಯಷ್ಟು. 'ಶೇ 100 ಮಸೂದೆಗಳಿಗೆ ಬೆಂಬಲ' ಎಂದರೆ ಎರಡಕ್ಕೆ ಎರಡು ಎಂದಿರಬಹುದು.

ನಿಮ್ಮ ಹಾಳೆಯಲ್ಲಿ 'ದಾಖಲೆಯಿಂದ ಹೇಳಲಾಗದು' ಎಂಬ ಸಾಲುಗಳೇ ಹೆಚ್ಚಿದ್ದರೆ ಕೆಲಸ ಕೆಟ್ಟಿತೆಂದು ತಿಳಿಯಬೇಡಿ, ಸಂಸತ್ತು ನಡೆಯುವುದೇ ಹಾಗೆ. ಬದಲಿಗೆ ಎಲ್ಲ ಸಾಲುಗಳಲ್ಲೂ 'ಪರ' ಅಥವಾ 'ವಿರುದ್ಧ' ತುಂಬಿದ್ದರೆ ಎಲ್ಲೋ ಪಕ್ಷದ ನಿಲುವನ್ನು ಸಂಸದರ ಹೆಸರಿಗೆ ಹಚ್ಚಿದ್ದೀರಿ ಎಂದರ್ಥ. ಹಂತ 4ಕ್ಕೆ ಹಿಂತಿರುಗಿ.

## ಉಳಿದ ಅನುಮಾನಗಳಿಗೆ

ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಲೋಕಸಭೆ ಅಥವಾ ರಾಜ್ಯಸಭೆ ಸಚಿವಾಲಯಕ್ಕೆ ಅರ್ಜಿ ಹಾಕಬಹುದು. ಆದರೆ ಕಚೇರಿಯಲ್ಲಿ ಇರುವ ದಾಖಲೆಯನ್ನಷ್ಟೇ ಅವರು ಕೊಡಬಲ್ಲರು. ಧ್ವನಿಮತದಲ್ಲಿ ಯಾರು ಏನೆಂದರು ಎಂದು ಕೇಳಿದರೆ ಕೊಡಲು ದಾಖಲೆಯೇ ಇರುವುದಿಲ್ಲ. ನಿರ್ದಿಷ್ಟ ದಿನದ ವಿಭಜನೆಯ ತಿದ್ದಿದ ಪಟ್ಟಿ ಬೇಕೆಂದು ಕೇಳಿ.

ನಿಲುವೇ ತಿಳಿಯಬೇಕಿದ್ದರೆ ಸಂಸದರನ್ನೇ ಕೇಳುವುದು ನೇರ ದಾರಿ. ಪತ್ರದಲ್ಲಿ ಮಸೂದೆಯ ಪೂರ್ಣ ಹೆಸರು, ಸದನದಲ್ಲಿ ಅಂಗೀಕಾರವಾದ ದಿನ, ನಿಮಗೆ ಸಂಬಂಧಿಸಿದ ಖಂಡದ ಸಂಖ್ಯೆ ಇರಲಿ. 'ಬೆಂಬಲಿಸಿದಿರಾ' ಎಂದಷ್ಟೇ ಕೇಳಿದರೆ ಪಕ್ಷದ ಕರಪತ್ರ ಬರುತ್ತದೆ. 'ಖಂಡ ಇಂಥದ್ದರ ಬಗ್ಗೆ ತಮ್ಮ ಅಭಿಪ್ರಾಯವೇನು, ತಿದ್ದುಪಡಿ ಕೊಟ್ಟಿದ್ದಿರಾ' ಎಂದರೆ ಆಪ್ತ ಸಹಾಯಕರು ಅದನ್ನು ಸಂಸದರ ಮುಂದೆ ಇಡಬೇಕಾಗುತ್ತದೆ.

ಹಾಳೆ ಸಿದ್ಧವಾದ ಮೇಲೂ ಒಮ್ಮೆ ಮರುಪರಿಶೀಲನೆ ಇದೆ. ಅಧಿವೇಶನದ ಬೆನ್ನಲ್ಲೇ ಸಿಗುವುದು ಚರ್ಚೆಯ ತಿದ್ದದ ಪ್ರತಿ. ಅಂತಿಮ ಪ್ರತಿ ಆಮೇಲೆ ಬರುತ್ತದೆ. ಬಂದಾಗ ವಿಭಜನೆಯ ಪಟ್ಟಿಗಳನ್ನು ಅದರೊಂದಿಗೆ ಹೋಲಿಸಿ ನೋಡಿ, ಪುರಾವೆ ಕಾಲಂನಲ್ಲಿರುವ ಪುಟಸಂಖ್ಯೆಯನ್ನೂ ಹೊಸದಕ್ಕೆ ಬದಲಿಸಿ.